ಕೊನೆ ತಾರೀಕಿಲ್ಲದ ಸೋಮವಾರ

"ಹೆಸರು ಹೇಳಿ," ಎಂದು ದಿವ್ಯ ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟುಕೊಂಡು ಕೇಳಿದಳು. ಎದುರಿಗೆ ಕೂತಿದ್ದ ಗಂಡ ಹೆಂಡತಿ ಇಬ್ಬರೂ ಸುಮ್ಮನಿದ್ದರು. ಲಕ್ವ ಹೊಡೆದ ಮೇಲೆ ಗಂಡನಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಹೆಂಡತಿ ದೊಡ್ಡಬಸಮ್ಮನ ನಾಲಿಗೆಗೆ ಏನೂ ಆಗಿರಲಿಲ್ಲ. ಆದರೆ ಮಧುವನಹಳ್ಳಿಯ ಹಳೇ ಕಾಲದ ಹೆಂಗಸು ಗಂಡನ ಹೆಸರು ಹೇಳುವುದುಂಟೆ?

"ಬೆಟ್ಟದ್ ದೇವ್ರ ಹೆಸ್ರು ಕಣವ್ವ," ಎಂದಳು ಕೊನೆಗೆ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು. "ಮುಂದ್ಗಡೆ ಪುಟ್ಟ ಸೇರಿಸ್ಕೊ."

ದಿವ್ಯ ನಗುತ್ತ 'ಪುಟ್ಟಮಾದಪ್ಪ' ಎಂದು ಟೈಪ್ ಮಾಡಿದಳು. ಮಾತು ನಿಂತವರಿಗೆ ಮತ್ತೆ ಮಾತು ಕಲಿಸುವುದು ಅವಳ ಕೆಲಸ. ವಾರದಲ್ಲಿ ಕೆಲವು ದಿನ ಕೊಳ್ಳೇಗಾಲದ ಈ ಬಾಡಿಗೆ ಕೋಣೆ. ಉಳಿದ ದಿನ ಹನೂರು, ಯಳಂದೂರು ಎಂದು ಬಸ್ಸಿನಲ್ಲಿ ಓಡಾಟ. ಯಾವ ದಿನ ಯಾರಿಗೆ ಕ್ಲಾಸು ಎನ್ನುವುದೆಲ್ಲ ಆ ಹಳೆಯ ಲ್ಯಾಪ್‌ಟಾಪಿನ ಒಂದೇ ಫೈಲಿನಲ್ಲಿತ್ತು. ಅದರಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಅಕ್ಷರ.

"ಯುಗಾದಿಯಿಂದ ಒಂದ್ ಮಾತಿಲ್ಲ. ನೀರ್ ಬೇಕು ಅಂದ್ರೂ ಲೋಟ ತೋರಿಸ್ತಾರೆ," ಎಂದಳು ದೊಡ್ಡಬಸಮ್ಮ. "ಮನೇಲಿ ನಾನೊಬ್ಳೇ ಮಾತಾಡ್ಕಂಡು ಮಾತಾಡ್ಕಂಡು ಸಾಕಾಗೋಗದೆ. ಇವ್ರಿಗೆ ಮಾತ್ ಬಂದಾತಾ ಕಣವ್ವ?"

"ನೋಡೋಣಮ್ಮ. ಸೋಮವಾರ ಆಗುತ್ತಾ?"

"ಓ, ಆಯ್ತದೆ. ಸೋಮವಾರ ನಾವು ನೇಗ್ಲಿಗೆ ಎತ್ತು ಕಟ್ಟಾಕಿಲ್ಲ. ಮಗ ಬೈಕಲ್ಲಿ ಕರ್ಕಂಡ್ ಬತ್ತಾನೆ."

ದಿವ್ಯ ಒಂದು ಸಾಲು ಬರೆದಳು: ಪ್ರತಿ ಸೋಮವಾರ, ಹತ್ತು ಗಂಟೆ, ಪುಟ್ಟಮಾದಪ್ಪ, ಮಾತು. ಒಂದು ಗುಂಡಿ ಒತ್ತಿದ್ದೇ ತಡ, ಪರದೆಯ ಮೇಲೆ ತಿಂಗಳು ತೆರೆದುಕೊಂಡಿತು. ಮುಂದಿನ ಎಲ್ಲ ಸೋಮವಾರಗಳ ಕೆಳಗೂ ಅದೇ ಹೆಸರು. ಮತ್ತೆ ಒತ್ತಿದರೆ ಮುಂದಿನ ತಿಂಗಳು, ಮತ್ತೆ ಒತ್ತಿದರೆ ಮುಂದಿನ ವರ್ಷ. ಅಕ್ಷರ ಕೂಡಿಸಿ ಓದಬಲ್ಲ ದೊಡ್ಡಬಸಮ್ಮ ಎದ್ದು ಮೇಜು ಸುತ್ತಿ ಬಂದು ನಿಂತಳು. ಮದುವೆಯಾದಾಗಿನಿಂದ ತಾನು ಒಮ್ಮೆಯೂ ಆಡದ ಹೆಸರು ವಾರ ವಾರವೂ ಬರುತ್ತಲೇ ಇತ್ತು. ಕೈ ಮುಗಿಯಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

"ನೀನ್ ಬರ್ದಿದ್ದು ಒಂದೇ ಸಾಲಲ್ವಾ? ನಮ್ ಮೊಮ್ಮಕ್ಳು ಮುದುಕ್ರಾಗೋ ಕಾಲಕ್ಕೂ ಇವ್ರ ಹೆಸ್ರು ಅದೆ!" ಎಂದವಳ ಮುಖ ಮರುಗಳಿಗೆಯೇ ಬಾಡಿತು. "ಅಂಗಾರೆ ಮಾತ್ ಬರಕ್ಕೆ ಅಷ್ಟು ವರ್ಸ ಬೇಕಾ?"

"ಅಯ್ಯೋ, ಇಲ್ಲಮ್ಮ. ಕೊನೆ ತಾರೀಕು ಹಾಕಿಲ್ಲ, ಅದಕ್ಕೇ ಹೀಗೆ ಹೋಗ್ತಾನೇ ಇರುತ್ತೆ. ಮಾತು ಬಂದ ದಿನ ಹಾಕಿದ್ರಾಯ್ತು," ಎಂದು ದಿವ್ಯ ಮತ್ತೆ ಈ ತಿಂಗಳಿಗೆ ಬಂದಳು.

ಅಲ್ಲಿಯವರೆಗೂ ಮಿಸುಕದೆ ಕೂತಿದ್ದ ಪುಟ್ಟಮಾದಪ್ಪ ಮುಂದಕ್ಕೆ ಬಾಗಿ, ಕಡೆಯ ಸೋಮವಾರದ ಮೇಲೆ ಬೆರಳೊತ್ತಿದ. ಬೇಡವೆಂದು ತಲೆಯಾಡಿಸಿದ. ದಿವ್ಯ ಹತ್ತನ್ನು ಹನ್ನೊಂದು ಮಾಡಿದಳು. ಊಹೂಂ. ಮಧ್ಯಾಹ್ನ ಮಾಡಿದಳು. ಊಹೂಂ.

"ಬರಾಕಿಲ್ಲ ಅಂತಾವ್ರೆ," ಎಂದು ದೊಡ್ಡಬಸಮ್ಮ ಸಿಡುಕಿದಳು. ಕಣ್ಣು ತುಂಬಿತ್ತು. "ಓಗ್ಲಿ ಬುಡಿ, ಮನೇಲಿ ಮೂಗ್ರಾಗೇ ಕೂತ್ಕಳಿ!"

ಅವನ ಕತ್ತಿನ ನರ ಉಬ್ಬಿತು. ಬೆರಳು ಪರದೆಯ ಮೇಲಿಂದ ಕದಲಲಿಲ್ಲ. ತುಟಿ ಒಂದು ಪಕ್ಕಕ್ಕೆ ವಾಲಿತು.

"ಅ..." ಎಂದ. "ಅ... ಮಾ... ಅಮಾಸೆ!"

ಹೌದು, ಆ ಸೋಮವಾರ ಅಮಾವಾಸ್ಯೆ. ಮಾದಪ್ಪನ ಬೆಟ್ಟಕ್ಕೆ ಹೋಗುವ ದಿನ. ಒಂದು ಸಾಲಿಗೆ ಸಾವಿರ ಸೋಮವಾರ ಹುಟ್ಟಿಸಿದ ಫೈಲಿಗೆ ಅದು ಗೊತ್ತಿರಲಿಲ್ಲ. ದಿವ್ಯ ಎಷ್ಟೋ ಜನಕ್ಕೆ ಮಾತು ಕಲಿಸಿದ್ದಳು, ಪಾಠ ಶುರುವಾಗುವ ಮೊದಲೇ ಮಾತು ಬಂದದ್ದನ್ನು ಅವಳು ಕಂಡಿರಲಿಲ್ಲ. ದೊಡ್ಡಬಸಮ್ಮ ಅಳುತ್ತಾ ನಗುತ್ತಾ ಗಂಡನ ಬಾಯಿಯನ್ನೇ ನೋಡುತ್ತಿದ್ದಳು. ಅವನೂ ತನ್ನ ದನಿಗೆ ತಾನೇ ಬೆಚ್ಚಿದವನಂತೆ ಕೂತಿದ್ದ.

ದಿವ್ಯ ಆ ಒಂದು ಸೋಮವಾರವನ್ನು ಅಳಿಸಿದಳು. ಆಮೇಲೆ ಕಣ್ಣೊರೆಸಿಕೊಂಡು, "ಮಾತು ಬಂತಲ್ಲಮ್ಮ, ಇನ್ನು ಕೊನೆ ತಾರೀಕು ಹಾಕ್ಲಾ?" ಎಂದು ಚೇಷ್ಟೆ ಮಾಡಿದಳು.

ದೊಡ್ಡಬಸಮ್ಮ ಅವಳ ಕೈ ಹಿಡಿದುಕೊಂಡಳು.

"ಬ್ಯಾಡ ಕಣವ್ವ. ಮದ್ವೆ ಆದಾಗಿಂದ ಬರೀ 'ಲೇ' ಅಂದವ್ರೇ ಹೊರ್ತು, ಇವ್ರು ನನ್ನ ಹೆಸ್ರಿಡ್ದು ಒಂದ್ ಸಲನೂ ಕರ್ದಿಲ್ಲ. ಅದು ಬರೋಗಂಟ ಇರ್ಲಿ, ಸೋಮವಾರ."