ಮೀಸೆಪ್ಪನ ಶ್ರಾವಣ

ಮೀಸೆಪ್ಪ ಸಾಯುತ್ತಿದ್ದ. ತಪ್ಪು ಅವ್ವನದೆಂದು ಈರಪ್ಪ ಮಾಸ್ತರನಿಗೆ ಗೊತ್ತಿತ್ತು. ಹೇಳುವ ಧೈರ್ಯವಿರಲಿಲ್ಲ.

ಮೀಸೆಪ್ಪ ಎಂದರೆ ಮೀನು. ಹಾವಿನಂತೆ ಸಪೂರ, ಗೇಣುದ್ದ, ಬಾಯಿಯ ಸುತ್ತ ಎಂಟು ಮೀಸೆ. ಸಂಶಿಯ ಕೆರೆಯಲ್ಲಿ ಬಲೆ ಹಾಕುವ ಮಾಬುಸಾಬ ಎರಡು ವರ್ಷದ ಕೆಳಗೆ ತಂದುಕೊಟ್ಟಿದ್ದ. ಲಿಂಗ ಕಟ್ಟಿದವರ ಮನೆಯಲ್ಲಿ ಮೀನೇ ಎಂದು ಓಣಿ ನಕ್ಕಿತು. ಮಾಸ್ತರ ಹುಬ್ಬಳ್ಳಿಯಿಂದ ಗಾಜು ತರಿಸಿ ಪೆಟ್ಟಿಗೆ ಕಟ್ಟಿಸಿದ. ಓಣಿಗೆ ಇನ್ನೂ ಟೀವಿ ಬಂದಿರಲಿಲ್ಲ; ನಕ್ಕವರೇ ದಿನಾ ಸಂಜೆ ಬಂದು ಅದರ ಮುಂದೆ ಕೂತರು.

ಶ್ರಾವಣ ಹತ್ತಿದ ದಿನ ಅವ್ವ ಸಾವಿತ್ರೆವ್ವ ವಿಭೂತಿ ಹಚ್ಚಿಕೊಳ್ಳುತ್ತಲೇ ಅಪ್ಪಣೆ ಮಾಡಿದಳು. ತನಗೆ ಒಂದೊಪ್ಪತ್ತು. ಎರೆಹುಳಕ್ಕೂ ಜೀವವುಂಟು, ತಿಂಗಳು ಮುಗಿಯುವ ತನಕ ಮೀನಿಗೂ ಜೋಳದ ಹಿಟ್ಟಿನ ಉಂಡೆಯೇ. ಸಂಜೆ ತಾನು ಪೆಟ್ಟಿಗೆಯ ಬಾಜು ಕೂತು ವಚನ ಹೇಳುವಾಗ ಯಾರೂ ಸುಳಿಯಕೂಡದು.

ಮೀಸೆಪ್ಪ ಹಿಟ್ಟನ್ನು ಮೂಸಿಯೂ ನೋಡಲಿಲ್ಲ.

“ಉಪವಾಸ ತಡಿಲಿಕ್ಕಿಲ್ಲ ಯವ್ವಾ ಅದು,” ಎಂದ ಮಾಸ್ತರ.

“ತಡೀತೈತಿ. ನಾ ನೋಡ್ಕೊಂತೇನಿ.”

ಮೂರನೆಯ ದಿನ ನಸುಕಿನಲ್ಲೇ ಎದ್ದು, ಕಳ್ಳನಂತೆ ತಿಪ್ಪೆ ಕೆದರಿ, ಅವನು ಒಂದು ಹುಳ ಹಾಕಿದ. ಮೀನು ನುಂಗಿತು. ಆದರೂ ದಿನದಿನಕ್ಕೆ ಸೋತಿತು. ಗಾಳಿ ಗುಟುಕರಿಸಲು ಮೇಲೆ ಬಂದು ಕಲ್ಲಿನಂತೆ ಕೆಳಗಿಳಿಯುತ್ತಿತ್ತು. ಹೊಟ್ಟೆ ಬಾತಿತ್ತು. ಅನ್ನವಿಲ್ಲದವರ ಹೊಟ್ಟೆಯೂ ಬಾಯುತ್ತದೆಂದು ಅವನು ಓದಿದ್ದ. ದಿನಾ ಎರಡು ಹುಳ ಹಾಕತೊಡಗಿದ.

ಸಂಕಟ ಹೇಳಿಕೊಳ್ಳೋಣವೆಂದರೆ ಹೆಂಡತಿ ಸುಶೀಲವ್ವನಿಗೆ ಪುರುಸೊತ್ತಿಲ್ಲ. ಜಿಟಿಜಿಟಿ ಮಳೆಯಲ್ಲೂ ಮಧ್ಯಾಹ್ನವಾದರೆ ಹೀರೆಬಳ್ಳಿಯ ಬುಡ ಅಗೆಯುತ್ತಿದ್ದಳು.

ಕಡೆಗೆ ಮಾಬುಸಾಬನನ್ನು ಕರೆತಂದ. ಹುಳ ತಿನ್ನದಿದ್ದರೆ ಸಾಯುತ್ತದೆಂದು ಅವ್ವನಿಗೆ ನೀನೇ ಹೇಳಬೇಕು, ನಿನ್ನ ಮಾತು ಕೇಳುತ್ತಾಳೆ ಎಂದು ದಾರಿಯುದ್ದಕ್ಕೂ ಕೈಮುಗಿದ. ಮಾಬುಸಾಬ ಆಯ್ತೆಂದ.

ಬಂದವನು ಅವ್ವ, ಸುಶೀಲವ್ವ ಇಬ್ಬರ ಎದುರೇ ಗಾಜಿಗೆ ಮೂಗು ಹಚ್ಚಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅವನ ಹೆಗಲು ಕುಲುಕತೊಡಗಿತು.

“ಮಾಸ್ತರ್ರ, ಇದು ಹಸಿವಲ್ರಿ. ಅಜೀರ್ಣ. ದಿನಾ ಆರು ಹುಳಕ್ಕ ಕಡಿಮಿ ನುಂಗಿಲ್ಲ ಇದು. ಮೂರು ದಿನ ಖರೇ ಉಪವಾಸ ಇಡ್ರಿ, ಎದ್ದು ಕುಣೀತೈತಿ.”

 ಈರಪ್ಪ ಅವ್ವನ ಮುಖ ನೋಡದೆ, ನಸುಕಿನ ಎರಡು ತನ್ನವೆಂದು ಒಪ್ಪಿಕೊಂಡ. ಸುಶೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, ಮಧ್ಯಾಹ್ನದ ಎರಡು ತನ್ನವೆಂದಳು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ತಲೆ ತಗ್ಗಿಸಿ, ಬೈಗುಳಕ್ಕೆ ಕಾದು ನಿಂತರು.

ಬೈಗುಳ ಬರಲಿಲ್ಲ. ಸಾವಿತ್ರೆವ್ವ ಗೋಡೆಯ ಕಡೆ ತಿರುಗಿ ಕೂತಿದ್ದಳು.

“ಸಂಜಿಕ ಹಂಗ ಬಾಯಿ ತಗದು ನನ್ನ ನೋಡತಿತ್ತೋ ಈರಪ್ಪಾ,” ಎಂದಳು. “ವ್ರತ ನಂದು. ಹೊಟ್ಟಿ ಅದರದಲ್ಲೇನು?”