ಅಜ್ಜಿಯ ತಾಮ್ರದ ಹರಿವಾಣ

ಹುಣಸೆಹಣ್ಣು ಹಚ್ಚಿ ತಾಮ್ರ ತಿಕ್ಕುವಾಗ ಏಳುವ ಹುಳಿವಾಸನೆಗೆ ಈಗಲೂ ನನಗೆ ನಾವಾಗ ಇದ್ದ ಡೊಂಬಿವಲಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಐದನೇ ಕ್ಲಾಸು. ಅಜ್ಜಿ ಉಡುಪಿಯಿಂದ ತಂದಿದ್ದ ದೇವರ ಹರಿವಾಣದ ಮೇಲೆ ಕುಳಿತು ಬಿಲ್ಡಿಂಗಿನ ಮೆಟ್ಟಿಲಲ್ಲಿ ಜಾರಿದ್ದೆ. ಅದು ದೋಸೆಯಂತೆ ಮಡಚಿಕೊಂಡಿತು.

"ಗುಜರಿಯ ಭಂಗಾರ್‌ವಾಲಾನಿಗೆ ತೂಕಕ್ಕೆ ಹಾಕಿ ಸ್ಟೀಲಿನದು ತರುವ" ಎಂದರು ಅಪ್ಪ.

ಅಜ್ಜಿ ಹರಿವಾಣವನ್ನು ಎತ್ತಿ ಒಳಗೆ ಇಟ್ಟರು. ಅದು ಅವರ ಅಮ್ಮ ಕೊಟ್ಟದ್ದು.

ಊಟವಾದ ಮೇಲೆ ಅಜ್ಜಿ ಅದನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ಬಕೆಟ್ಟಿನ ನೀರಿಗೆ ಅದ್ದಿದರು. ಆಮೇಲೆ ಗೋಣಿ ಹಾಸಿ, ಅರೆಯುವ ಕಲ್ಲಿನ ಗುಂಡಿನಿಂದ ಮೆಲ್ಲಗೆ ಬಡಿಯತೊಡಗಿದರು.

"ಕಾಯಿಸದೆ ಬಡಿದ್ರೆ ಆಗುದಿಲ್ವಾ ಅಜ್ಜಿ?"

"ಸೀಳ್ತದೆ ಮಗಾ. ಪೆಟ್ಟು ತಿಂದಷ್ಟೂ ತಾಮ್ರ ಗಟ್ಟಿ ಆಗ್ತದೆ. ಬೆಂಕಿ ಕಂಡ್ರೆ ಪುನಃ ಮೆತ್ತಗೆ."

ನಾನು ಓಡಿಹೋಗಿ ಇತಿಹಾಸದ ಪುಸ್ತಕ ತಂದೆ. ಮನುಷ್ಯ ಮೊದಲು ಪಳಗಿಸಿಕೊಂಡ ಲೋಹಗಳಲ್ಲಿ ತಾಮ್ರವೂ ಒಂದು, ಕಲ್ಲಿನಿಂದ ಬಡಿದು, ಬೆಂಕಿಯಲ್ಲಿ ಕಾಯಿಸಿ ಪಾತ್ರೆ, ಕೊಡಲಿ ಮಾಡಿದ ಎಂದು ಓದಿ ಹೇಳಿದೆ. ಚಿತ್ರದಲ್ಲಿ ಗಡ್ಡದವರೇ ತುಂಬಿದ್ದರು.

ಅಜ್ಜಿ ಕನ್ನಡಕ ಏರಿಸಿ ನೋಡಿದರು. "ಬರೀ ಗಂಡಸರಾ? ಹಾಗಾದ್ರೆ ಒಲೆ ಹತ್ರ ಇದ್ದದ್ದು ಯಾರು?"

ಯೂನಿಟ್ ಟೆಸ್ಟಿನಲ್ಲಿ, ತಾಮ್ರವನ್ನು ಮೊದಲು ಬಳಸಿದವರು ಯಾರು ಎಂಬ ಪ್ರಶ್ನೆಗೆ ನಾನು "ಅಜ್ಜಿಯಂದಿರು" ಎಂದು ಬರೆದೆ. ಟೀಚರು ಅದರ ಮೇಲೆ ಕೆಂಪು ಗೆರೆ ಎಳೆದರು.

ಪೇಪರು ತೋರಿಸಿದಾಗ ಅಜ್ಜಿ, ಒಂದು ಬದಿ ಇನ್ನೂ ಸೊಟ್ಟಗಿದ್ದ ಹರಿವಾಣಕ್ಕೆ ಹುಣಸೆಹಣ್ಣು ತಿಕ್ಕುತ್ತಿದ್ದರು. ಕೈ ಒರೆಸಿಕೊಂಡು ಗೆರೆಯನ್ನು ನೋಡಿದರು.

"ಪಾಪ, ನಿನ್ನ ಟೀಚರ ಮನೆಯಲ್ಲಿ ತಾಮ್ರದ ಪಾತ್ರೆ ಇಲ್ಲ ಕಾಣ್ತದೆ" ಎಂದರು.