ಎರಡು ಗೋಡೆ ದಾಟದ ಐದು

“ದೋಣಿಯ ಇಂಜಿನ್ ಕೆಟ್ಟಿದೆ, ಒಳಗೆ ನೀರು ನುಗ್ತಾ ಇದೆ. ನೀವು ಕೇಳೋ ಮೊದಲ ಪ್ರಶ್ನೆ ಯಾವುದು?” ಎಂದರು ಲ್ಯಾಪ್‌ಟಾಪಿನೊಳಗಿಂದ ಸಂದರ್ಶನ ಮಾಡುತ್ತಿದ್ದ ಅಧಿಕಾರಿ. ಅವಳು ಬಾಯಿ ತೆರೆಯುವಷ್ಟರಲ್ಲಿ ಅವರ ಮುಖ, ಒಂದು ಕಣ್ಣು ಅರ್ಧ ಮುಚ್ಚಿಕೊಂಡು, ಕಲ್ಲಾಯಿತು. ಮತ್ತೆ ಜೀವ ಬಂದಾಗ ಅವರು ಗಡಿಯಾರ ನೋಡುತ್ತಿದ್ದರು. “ನಾಲ್ಕನೇ ಸಲ ಇದು ಕಟ್ಟಾಗ್ತಿರೋದು. ವೈರ್‌ಲೆಸ್ ಕೆಲಸಕ್ಕೆ ಬರೋರು ಮನೆ ವೈರ್‌ಲೆಸ್ಸೇ ನೆಟ್ಟಗಿಟ್ಕೊಂಡಿಲ್ಲ ಅಂದ್ರೆ ಹೇಗಮ್ಮ? ಹತ್ತು ನಿಮಿಷ ಕೊಡ್ತೀನಿ. ಆಮೇಲೆ ಮುಂದಿನವರನ್ನ ಕರೀತೀವಿ.”

ಅವಳ ಮೈ ಉರಿದುಹೋಯಿತು. ಮದುವೆಗೆ ಮುಂಚೆ ಆರು ವರ್ಷ ಬಂದರಿನ ವೈರ್‌ಲೆಸ್ ಕೋಣೆಯಲ್ಲಿ ಕುಳಿತು, ಬಿರುಗಾಳಿಗೆ ಸಿಕ್ಕ ದೋಣಿಗಳನ್ನು ಬರೀ ಮಾತಿನಲ್ಲಿ ಕೈಹಿಡಿದು ದಡಕ್ಕೆ ತಂದವಳು. ಅದೇ ಕುರ್ಚಿ ಈಗ ಖಾಲಿಯಾಗಿದೆ. ನಾಲ್ಕು ವರ್ಷ ಇದಕ್ಕೇ ಕಾದಿದ್ದಾಳೆ. ಮನೆಯ ಹಿಂದಿನ ಕೋಣೆಗೆ ಮೊಬೈಲ್ ಸಿಗ್ನಲ್ ಕಾಲಿಟ್ಟದ್ದೇ ಇಲ್ಲ, ವೈಫೈಯೇ ಗತಿ. ವೈಫೈ ಪಟ್ಟಿ ತೆರೆದು ನೋಡಿದರೆ, ಒಂದೇ ರೂಟರಿನ ಎರಡು ತರಂಗಗಳಿಗೆ ನಿನ್ನೆಯವರೆಗೆ ಇದ್ದ ಎರಡು ಹೆಸರಲ್ಲಿ ‘ಮನೆ 5’ ಮಾತ್ರ ಉಳಿದಿದೆ. ‘ಮನೆ 2.4’ ಮಂಗಮಾಯ!

ಪಡಸಾಲೆಗೆ ನುಗ್ಗಿದಳು. ಗಂಡ, ಗಂಡನ ಅಣ್ಣ ಇಬ್ಬರೂ ಸೋಫಾದಲ್ಲಿ ಕಾಲು ಚಾಚಿ ಟೀವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು.

“ಭಾವ, ಎರಡು ನಾಲ್ಕು ಎಲ್ಲಿ ಹೋಯ್ತು?”

“ತೆಗೆದುಬಿಟ್ಟೆ ಕಣಮ್ಮ,” ಎಂದ ಭಾವ, ಪರದೆಯಿಂದ ಕಣ್ಣು ಕೀಳದೆ. ಅವನದು ಟೈಲ್ಸ್ ಅಂಗಡಿ, ಮಾತೂ ಅಂಗಡಿಯದೇ. “ಐದು ಇರೋವಾಗ ಎರಡು ಚಿಲ್ಲರೆ ಯಾಕೆ? ಹೊಸ ಮಾಲು ಬಂದ್ಮೇಲೆ ಹಳೇದನ್ನ ಶೋಕೇಸಲ್ಲಿ ಇಡಬಾರದು. ಬೆಳಿಗ್ಗೆ ನಾನೇ ಕೂತು ಆಫ್ ಮಾಡ್ದೆ.”

“ಐದಕ್ಕೆ ಓಟ ಜಾಸ್ತಿ, ಆದ್ರೆ ಗೋಡೆ ಅಡ್ಡ ಬಂದ್ರೆ ದಮ್ಮಿಲ್ಲ. ನನ್ನ ಕೋಣೆಗೆ ಎರಡು ಗೋಡೆ. ಎರಡು ನಾಲ್ಕು ಕುಂಟ್ಕೊಂಡಾದ್ರೂ ಬಂದು ಸೇರ್ತಿತ್ತು. ಮೊನ್ನೇನೇ ಹೇಳಿದ್ನಲ್ರೀ ನಿಮಗೆ, ಅದನ್ನ ಯಾರೂ ಮುಟ್ಟಬೇಡಿ ಅಂತ!” ಎಂದು ಗಂಡನತ್ತ ತಿರುಗಿದಳು.

“ಅಣ್ಣಂಗೆ ಗೊತ್ತಿರುತ್ತೆ ಬಿಡೇ,” ಎಂದ ಗಂಡ. “ನಿಂಗೆ ಒಳ್ಳೇದಾಗ್ಲಿ ಅಂತಾನೇ ಸ್ಪೀಡಾಗಿರೋದು ಕೊಟ್ಟಿರೋದು. ನೀನೇ ಹೇಳು, ಐದು ದೊಡ್ಡದಾ, ಎರಡು ದೊಡ್ಡದಾ?”

“ಒಂದನೇ ಕ್ಲಾಸಿನ ಲೆಕ್ಕ ಹೇಳ್ಕೊಡೋಕೆ ಬಂದ್ರಾ? ಭಾವ, ರೂಟರಿನ ಪಾಸ್‌ವರ್ಡ್ ಕೊಡಿ. ನಾನೇ ಆನ್ ಮಾಡ್ಕೋತೀನಿ.”

“ಬದಲಾಯಿಸಿ ಚೀಟೀಲಿ ಬರೆದಿಟ್ಟೆ. ಆಮೇಲೆ ಅಂಗಡಿಗೆ ಹೋದಾಗ ಚೀಟಿ ಅಲ್ಲೇ ಉಳೀತು. ಸಂಜೆ ತರ್ತೀನಿ ಬಿಡು,” ಎಂದ ಭಾವ. “ಇಷ್ಟಕ್ಕೆಲ್ಲ ಯಾಕಮ್ಮ ಹಾರಾಡ್ತೀಯ? ಮನೇಲಿ ಕೂತು ಉಣ್ಣೋಕೆ ಏನು ಕಮ್ಮಿಯಾಗಿದೆ ನಿಂಗೆ?”

ಇನ್ನೊಂದು ಮಾತು ಆಡಿದ್ದರೆ ಜಗಳ ಬೀದಿಗೆ ಬೀಳುತ್ತಿತ್ತು. ಅವಳು ಹಿಂದಿನ ಕೋಣೆಗೆ ಹೋಗಿ ಒಂದು ಕಂಕುಳಲ್ಲಿ ಲ್ಯಾಪ್‌ಟಾಪ್, ಇನ್ನೊಂದು ಕೈಯಲ್ಲಿ ಕುರ್ಚಿ ಎಳೆದುಕೊಂಡು ಬಂದಳು. ಟೀವಿಯ ಪ್ಲಗ್ ಕಿತ್ತೆಸೆದಳು.

“ಅಯ್ಯೋ, ಕೊನೇ ಓವರ್ ಕಣೇ!” ಎಂದ ಗಂಡ.

ಟೀಪಾಯಿಯ ಮೇಲೆ ಪೇರಿಸಿದ್ದ ಟೈಲ್ಸ್ ಮಾದರಿಗಳನ್ನು ಎತ್ತಿ ಭಾವನ ತೊಡೆಯ ಮೇಲೆ ಹೇರಿದಳು. ಟೀಪಾಯಿಯನ್ನು ಗೋಡೆಯ ಮೇಲಿನ ರೂಟರಿನ ಕೆಳಕ್ಕೆ ಎಳೆದುಕೊಂಡು, ಗೋಡೆಗೆ ಬೆನ್ನು ಮಾಡಿ, ಅವರಿಬ್ಬರ ಎದುರಿಗೇ ಕುಳಿತಳು. ಗಂಡ ಬಾಯಿ ತೆರೆದ. ಅವಳು ತೋರುಬೆರಳನ್ನು ತುಟಿಯ ಮೇಲಿಟ್ಟಳು, ಶಾಲೆಯ ಮಕ್ಕಳಿಗೆ ಇಟ್ಟ ಹಾಗೆ. ಹತ್ತು ನಿಮಿಷದಲ್ಲಿ ಇನ್ನು ಒಂದೇ ಒಂದು ಉಳಿದಿತ್ತು.

ಅಧಿಕಾರಿಯ ಮುಖ ಈ ಸಲ ತೊಳೆದಿಟ್ಟ ಹಾಗೆ ಬಂತು. ಮೀಸೆಯ ಬಿಳಿಕೂದಲು ಸಹ ಎಣಿಸಬಹುದಿತ್ತು.

“ಹಾಂ, ಈಗ ಸರಿಯಾಯ್ತು. ಬೇರೆ ಕೋಣೆಗೆ ಬಂದಿರೋ ಹಾಗಿದೆ?” ಅವರು ಕನ್ನಡಕ ಏರಿಸಿಕೊಂಡರು. “ಕೇಳಲೇಬೇಕಾದ ನಿಯಮ, ಬೇಜಾರು ಮಾಡ್ಕೋಬೇಡಿ. ಅಲ್ಲಿ ನಿಮ್ಮ ಜೊತೆ ಯಾರಾದ್ರೂ ಇದ್ದಾರಾ?”

ಅವಳು ತಲೆ ಎತ್ತಿದಳು. ತೊಡೆಯ ಮೇಲಿನ ಭಾರಕ್ಕೆ ಭಾವ ಅಲ್ಲಾಡುವಂತಿರಲಿಲ್ಲ. ಗಂಡನ ಬಾಯಿ ಇನ್ನೂ ತೆರೆದೇ ಇತ್ತು.

“ಯಾರೂ ಇಲ್ಲ ಸಾರ್,” ಎಂದಳು, ಗಂಡನ ಕಣ್ಣನ್ನೇ ನೋಡುತ್ತ.